ಇವತ್ತು ಯಾರ ಮನೆ ಸರದಿ

ಲಡಾಖಿನ ಎಷ್ಟೋ ಹಳ್ಳಿಗಳಲ್ಲಿ ಹೊಲಕ್ಕೆ ನೀರು ಬಿಡಲು ಸರದಿ ಇದೆ, ಆಡು-ಕುರಿ ಮೇಯಿಸಲು ಸರದಿ ಇದೆ. ಕೆಲವು ಹಳ್ಳಿಗಳಲ್ಲಿ ಅತಿಥಿಗೂ ಸರದಿ ಇದೆ. ನೀರಿನದೂ ಕುರಿಯದೂ ಅಜ್ಜನ ಅಜ್ಜನ ಕಾಲದಿಂದ ಬಂದದ್ದು. ಅತಿಥಿಯ ಸರದಿ ಮಾತ್ರ ಈಚಿನದು, ಈ ಶತಮಾನದ ಆರಂಭದಲ್ಲಿ ಶುರುವಾದದ್ದು. ಹೊರಗಿನವರು ಊರಿಗೆ ಬಂದರೆ ತಮಗೆ ಚಂದ ಕಂಡ ಮನೆಯ ಬಾಗಿಲು ತಟ್ಟುವಂತಿಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರು ಯಾವ ಮನೆಯದೋ ಆ ಮನೆಗೆ ಅವರ ಚೀಲ ಹೋಗುತ್ತದೆ. ಕಿಟಕಿ ತೆರೆದರೆ ಹಿಮದ ಬೆಟ್ಟ ಕಾಣುವ ಮನೆಗೆ, ರಸ್ತೆಗೆ ಹತ್ತಿರವಿರುವ ಮನೆಗೆ, ಇಂಗ್ಲಿಷ್ ಬಲ್ಲ ಮಗನಿರುವ ಮನೆಗೆ ಜನ ಮುಗಿಬಿದ್ದು, ಊರಾಚೆಯ ಒಂಟಿ ಮುದುಕಿಯ ಮನೆಗೆ ಯಾರೂ ಹೋಗದೆ ಇರಬಾರದು ಎಂದು ಊರಿನವರೇ ಕೂತು ಮಾಡಿಕೊಂಡ ಏರ್ಪಾಟು ಇದು. ಊರಿಂದೂರಿಗೆ ಹೋಗಿ ಜನರ ಮನೆಗಳಲ್ಲೇ ಉಳಿಯುತ್ತ ಬಂದಿರುವ ನಾನು ಇಷ್ಟು ನ್ಯಾಯವಾದ ಇನ್ನೊಂದು ಪದ್ಧತಿಯನ್ನು ನೋಡಿಲ್ಲ.

ಲೇಹ್‌ನಿಂದ ಪಶ್ಚಿಮಕ್ಕೆ, ಸಿಂಧೂ ನದಿ ಇಳಿದು ಹೋಗುವ ಕಡೆಗಿನ ಸೀಮೆಯನ್ನು ಶಾಮ್ ಎನ್ನುತ್ತಾರೆ. ಲಿಕಿರ್, ಯಾಂಗ್ತಾಂಗ್, ಹೆಮಿಸ್ ಶುಕ್ಪಚನ್, ತೆಮಿಸ್‌ಗಾಂ ಎಂದು ಸಾಲಾಗಿ ಹಳ್ಳಿಗಳು. ಚಾರಣಕ್ಕೆ ಬರುವವರು ಮೂರು ನಾಲ್ಕು ದಿನದಲ್ಲಿ ಇವನ್ನೆಲ್ಲ ದಾಟಿಬಿಡುತ್ತಾರೆ. ಅಂಥದೇ ಒಂದು ಹಳ್ಳಿಯಲ್ಲಿ ನಾನು ಬಾರ್ಲಿ ಪೈರು ಮೊಣಕಾಲೆತ್ತರ ಇದ್ದಾಗ ಹೋಗಿ, ಕಣದಲ್ಲಿ ಕಾಳು ತೂರುವವರೆಗೂ ಇದ್ದೆ. ಊರಿನ ಹೆಸರು ಬರೆಯುವುದಿಲ್ಲ. ಮನೆಗಳು ಬೆರಳೆಣಿಕೆಯಷ್ಟು, ಹೆಸರು ಹೇಳಿದರೆ ಯಾರ ಮನೆಯ ಮಾತು ಎಂದು ಗೊತ್ತಾಗಿಬಿಡುತ್ತದೆ. ಅವರು ತಮ್ಮ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಆಡಿದ ಮಾತುಗಳಿಗೆ ನಾನು ಅಷ್ಟಾದರೂ ಮರ್ಯಾದೆ ಕೊಡಬೇಕು.

ಶಾಲೆಯ ನೌಕರಿಯಿಂದ ನಿವೃತ್ತಿಯಾಗುವವರೆಗೆ ನನಗೆ ಪ್ರವಾಸ ಎಂದರೆ ಬಸ್ಸು ತುಂಬ ಜನ, ಬೆಳಿಗ್ಗೆ ಒಂದು ದೇವಸ್ಥಾನ, ಸಂಜೆ ಒಂದು ಜಲಪಾತ. ನೋಡಿದ್ದು ಬಹಳ, ಮಾತಾಡಿದ್ದು ಕಡಿಮೆ. ಕೈಯಲ್ಲಿ ಸಮಯ ಬಂದ ಮೇಲೆ ಒಂದೇ ಊರಿನಲ್ಲಿ ಉಳಿಯಬೇಕು ಅನ್ನಿಸಿತು. ಹೋಟೆಲಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಹೋಟೆಲಿನವರಷ್ಟೇ ಪರಿಚಯವಾಗುತ್ತಾರೆ. ಆದ್ದರಿಂದ ಮನೆ.

ನನ್ನ ಮೊದಲ ಮನೆಯ ಯಜಮಾನತಿಗೆ ಅರವತ್ತರ ಆಚೆಯ ವಯಸ್ಸು. ಅಲ್ಲಿ ತಾಯಿಯ ವಯಸ್ಸಿನವರನ್ನು ಆಮಾ-ಲೆ ಎನ್ನುತ್ತಾರೆ, ತಂದೆಯ ವಯಸ್ಸಿನವರನ್ನು ಆಬಾ-ಲೆ, ಅಜ್ಜನನ್ನು ಮೆಮೆ-ಲೆ. ನನಗಿಂತ ಏಳೆಂಟು ವರ್ಷಕ್ಕಷ್ಟೇ ದೊಡ್ಡವರಾದರೂ ಊರೆಲ್ಲ ಆಮಾ-ಲೆ ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಅವರು ನನ್ನನ್ನು ನೋಮೋ ಎಂದರು, ತಂಗಿ. ನಮ್ಮಿಬ್ಬರ ನಡುವೆ ಇದ್ದದ್ದು ಅರೆಬರೆ ಹಿಂದಿ. ಅವರದು ಪಟಾಲಮ್ಮಿನ ಹಿಂದಿ; ಅವರ ಗಂಡ ಆಬಾ-ಲೆ ಲಡಾಖ್ ಸ್ಕೌಟ್ಸ್‌ನಲ್ಲಿ ಇದ್ದು ಪಿಂಚಣಿ ಪಡೆದವರು. ನನ್ನದು ರಾಷ್ಟ್ರಭಾಷಾ ಪರೀಕ್ಷೆಯ ಹಿಂದಿ. ಎರಡೂ ಸೇರಿದರೆ ಒಂದು ದಿನಕ್ಕೆ ಸಾಕಾಗುವಷ್ಟು ಮಾತು ಆಗುತ್ತಿತ್ತು.

ಮನೆ ಎರಡಂತಸ್ತು. ಕೆಳಗೆ ದನ, ಆಡು, ಮೇವು. ಮೇಲೆ ಮನುಷ್ಯರು. ಲಡಾಖಿ ಮನೆಯ ಜೀವವೆಲ್ಲ ಅಡುಗೆಮನೆಯಲ್ಲಿದೆ. ದೊಡ್ಡ ಕೋಣೆ, ನಡುವೆ ಹಿತ್ತಾಳೆಯ ಅಲಂಕಾರ ಹಚ್ಚಿದ ಕಪ್ಪು ಕಬ್ಬಿಣದ ಒಲೆ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ತಾಮ್ರ ಹಿತ್ತಾಳೆಯ ಪಾತ್ರೆಗಳು, ಸೌಟುಗಳು, ಬಟ್ಟಲುಗಳು, ಉಜ್ಜಿ ಉಜ್ಜಿ ಮುಖ ಕಾಣುವಂತೆ ಇಟ್ಟದ್ದು. ಕಿಟಕಿಯ ಗೋಡೆಗೆ ಆನಿಸಿ ನೆಲದ ಮೇಲೆ ಹಾಸು, ಅದರ ಮುಂದೆ ಚೋಕ್ತ್ಸೆ ಎಂಬ ಗಿಡ್ಡ ಮೇಜುಗಳು. ಆ ಸಾಲಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಕ್ರಮವಿದೆ. ಹಿರಿಯರು ಒಲೆಗೆ ಹತ್ತಿರ, ಮೇಲಿನ ತುದಿಗೆ. ವಯಸ್ಸು ಇಳಿದ ಹಾಗೆ ಬಾಗಿಲಿನ ಕಡೆಗೆ. ಹೊಸಬರು ಬಂದರೆ ಸಾಲು ಸರಿಯುತ್ತದೆ, ಎಲ್ಲರೂ ಎದ್ದು ಜಾಗ ಬಿಡುತ್ತಾರೆ, ಬಂದವರು ಬೇಡ ಬೇಡ ಎಂದು ಕೆಳಗೆ ಕೂರಲು ಹೋಗುತ್ತಾರೆ, ಇವರು ತೋಳು ಹಿಡಿದು ಮೇಲಕ್ಕೆ ಎಳೆಯುತ್ತಾರೆ. ನಮ್ಮ ಕಡೆ ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯುವಾಗ ನಡೆಯುವ ಎಳೆದಾಟವನ್ನು ಬಲ್ಲ ನನಗೆ ಇದರಲ್ಲಿ ಕಲಿಯುವುದು ಏನೂ ಇರಲಿಲ್ಲ.

ಊಟ ಉಪಚಾರವೂ ಹಾಗೇ. 'ಡೋನ್-ಲೆ' ಎನ್ನುತ್ತಾರೆ, ತೆಗೆದುಕೊಳ್ಳಿ ಎಂದು. ಮೊದಲ ಕರೆಗೇ ಕೈಚಾಚಿದರೆ ಚೆನ್ನಲ್ಲ. ಎರಡು ಮೂರು ಸಲ ಬೇಡವೆನ್ನಬೇಕು, ಅವರು ಒತ್ತಾಯ ಮಾಡಬೇಕು. ಬೆಣ್ಣೆ ಚಹಾದ ಬಟ್ಟಲು ಯಾವತ್ತೂ ಖಾಲಿಯಾಗುವುದಿಲ್ಲ. ಎರಡು ಗುಟುಕು ಕುಡಿದು ಕೆಳಗಿಟ್ಟರೆ ಆಮಾ-ಲೆ ಬಂದು ಕಂಠಮಟ್ಟ ತುಂಬಿಸಿಬಿಡುತ್ತಾರೆ. ಹಸಿರು ಚಹಾದ ಸೊಪ್ಪನ್ನು ಸೋಡಾ ಹಾಕಿ ಕುದಿಸಿ ಕುದಿಸಿ ಕಷಾಯ ಇಳಿಸಿ, ಉಪ್ಪು ಬೆಣ್ಣೆ ಸೇರಿಸಿ, ಗುರ್‌ಗುರ್ ಎಂಬ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಆ ಒಣ ಗಾಳಿಗೆ, ಲೇಹ್ ಪಟ್ಟಣವೇ ಸಮುದ್ರಮಟ್ಟದಿಂದ 3500 ಮೀಟರ್ ಎತ್ತರವಿರುವ ಆ ಸೀಮೆಗೆ, ಅದು ಔಷಧದ ಹಾಗೆ ಬೇಕಾಗುತ್ತದೆ. ತುಟಿ ಒಡೆಯುವುದು ನಿಂತದ್ದು ಅದನ್ನು ಕುಡಿಯತೊಡಗಿದ ಮೇಲೆ. ಪಾಬಾ ನನಗೆ ಕೂಡಲೇ ಹಿಡಿಸಿತು. ಹುರಿದ ಬಾರ್ಲಿ, ಬಟಾಣಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಕೋಲಿನಿಂದ ತಿರುವಿ ಉಂಡೆ ಕಟ್ಟಿದ್ದು. ಕಣ್ಣು ಮುಚ್ಚಿ ಮುರಿದರೆ ರಾಗಿಮುದ್ದೆಯೇ. ಅದಕ್ಕೆ ನಂಚಿಕೊಳ್ಳಲು ಸೊಪ್ಪು ಹಾಕಿದ ಮಜ್ಜಿಗೆ, ತಾಂಗ್‌ತುರ್. ತಂಬುಳಿ ಉಂಡು ಬೆಳೆದ ನಾಲಿಗೆಗೆ ಅದು ಪರಕೀಯ ಅನ್ನಿಸಲೇ ಇಲ್ಲ.

ಎರಡನೆಯ ಸಂಜೆ ಆಮಾ-ಲೆ ಕೇಳಿದರು, "ನಿಮ್ಮ ಕರ್ನಾಟಕ ಎಂದರೆ ಮುಂಡಗೋಡ ಇರುವ ಕರ್ನಾಟಕವೇ?"

ನನ್ನ ಊರು ಶಿರಸಿಯ ಹತ್ತಿರ. ಮುಂಡಗೋಡ ನಮ್ಮ ಜಿಲ್ಲೆಯೇ, ಮನೆಯಿಂದ ಒಂದೂವರೆ ಗಂಟೆಯ ದಾರಿ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸಾಹತು ಶುರುವಾಯಿತು. ಟಿಬೆಟ್ಟಿನ ದ್ರೆಪುಂಗ್, ಗಾದೆನ್ ಎಂಬ ಮಹಾಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಲಡಾಖಿನ ಹಳ್ಳಿಗಳಿಂದ ಸಣ್ಣ ಹುಡುಗರನ್ನು ಓದಲು ಅಲ್ಲಿಗೂ ಬೈಲಕುಪ್ಪೆಗೂ ಕಳಿಸುತ್ತಾರೆ. ಆಮಾ-ಲೆಯ ಕಿರಿಯ ಮಗ ಹತ್ತು ತುಂಬುವ ಮೊದಲೇ ದ್ರೆಪುಂಗ್‌ಗೆ ಹೋದವನು, ಈಗ ಮೂವತ್ತರ ಹತ್ತಿರದ ಭಿಕ್ಷು. ಮಗನ ಮಾತಿನಲ್ಲಿ ಬರುವ ಮಳೆ, ಹಾವು, ಹಲಸಿನ ಹಣ್ಣು, ಸೆಕೆ ಇವನ್ನೆಲ್ಲ ಅವರು ನನ್ನಿಂದ ಖಾತ್ರಿ ಮಾಡಿಕೊಂಡರು. ಮಳೆ ತಿಂಗಳುಗಟ್ಟಲೆ ಸುರಿಯುವುದು ನಿಜವೇ? ನಿಜ. ಬಟ್ಟೆ ಒಣಗಿಸುವುದು ಎಲ್ಲಿ? ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ. ಅವರ ಆತಂಕವೆಲ್ಲ ಅಲ್ಲೇ ಇತ್ತು, ಆ ಹುಡುಗನ ಬಟ್ಟೆ ಒದ್ದೆಯಿರುತ್ತದೆ ಎಂಬಲ್ಲಿ.

ಇಷ್ಟು ಹೊಂದಿಕೊಂಡ ಮೇಲೆ ಆ ಮನೆಯಲ್ಲೇ ಇದ್ದುಬಿಡಬಹುದು ಎಂದು ನಾನು ಆಸೆಪಟ್ಟಿದ್ದೆ. ಐದಾರು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಆಮಾ-ಲೆ ನನ್ನ ಚೀಲವನ್ನು ತಾವೇ ಬೆನ್ನಿಗೇರಿಸಿ, "ಇವತ್ತಿನಿಂದ ಕೆಳಗಿನ ಮನೆಯ ಸರದಿ" ಎಂದು ಹೊರಟರು. ಕಾಲುವೆಯ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ಕೆಳಮನೆಯವಳು ಒಲೆ ಹೊತ್ತಿಸಿ ಕಾಯುತ್ತಿದ್ದಳು. ಒಬ್ಬರೇ ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚಾಯಿತು ಎಂಬ ಮಾತು ಇಬ್ಬರಲ್ಲೂ ಇಲ್ಲದ ಹಾಗೆ ನಗುತ್ತ ನನ್ನನ್ನು ಹಸ್ತಾಂತರಿಸಿಕೊಂಡರು. ಹೀಗೆ ನಾನು ಮನೆಯಿಂದ ಮನೆಗೆ ಸರಿಯುತ್ತ ಇಡೀ ಊರಿನ ಅಡುಗೆಮನೆಗಳನ್ನು ಸುತ್ತಿದೆ. ಒಂದು ಸುತ್ತು ಮುಗಿದು ಮತ್ತೆ ಆಮಾ-ಲೆಯ ಮನೆಗೆ ಬಂದಾಗ ಹೊಲದಲ್ಲಿ ತೆನೆ ಮೂಡಿತ್ತು.

ಈ ಸರದಿಯ ಮೂಲದಲ್ಲಿ ಇರುವುದು ಹಿಮಚಿರತೆ. ಚಳಿಗಾಲದ ರಾತ್ರಿ ಕೊಟ್ಟಿಗೆಗೆ ಇಳಿದರೆ ಅದು ಒಂದೆರಡು ಆಡು ಹಿಡಿದು ಹೋಗುವುದಿಲ್ಲ. ಒಳಗೆ ಸಿಕ್ಕಿಕೊಂಡು ಗಾಬರಿಯಲ್ಲಿ ಹಟ್ಟಿಯನ್ನೇ ಮುಗಿಸಿಬಿಡುವುದುಂಟು. ಒಂದು ರಾತ್ರಿಯಲ್ಲಿ ಮನೆಯ ಆಸ್ತಿ ಹೋದವರು ಕಲ್ಲು ದೊಣ್ಣೆ ಹಿಡಿದು ಅದನ್ನು ಕೊಂದರೆ ಕಾನೂನು ಅಪರಾಧ ಎನ್ನುತ್ತದೆ, ಆದರೆ ನಷ್ಟ ತುಂಬಿಕೊಡುವವರು ಯಾರು? ಲಡಾಖಿನವರೇ ಆದ, ಪರ್ವತಾರೋಹಿ ರಿಂಚೆನ್ ವಾಂಗ್‌ಚುಕ್ ಅವರು ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆಯ ಮೂಲಕ ಹಳ್ಳಿಗಳಲ್ಲಿ ಕೂತು ಈ ಪ್ರಶ್ನೆಯನ್ನು ಜನರ ಮುಂದೆಯೇ ಇಟ್ಟರು. ಕೊಟ್ಟಿಗೆಯ ಮಾಡಿಗೆ ತಂತಿ ಜಾಲರಿ ಹೊದಿಸಿ ಚಿರತೆ ಇಳಿಯದಂತೆ ಮಾಡುವುದು ಒಂದು. ಚಿರತೆಯನ್ನೂ ಬೆಟ್ಟವನ್ನೂ ನೋಡಲು ಬರುವವರು ಡೇರೆ ಹೊಡೆದು ಹೋಗುವ ಬದಲು ಮನೆಗಳಲ್ಲಿ ಉಳಿದು ಹಣ ಕೊಡುವಂತೆ ಮಾಡುವುದು ಇನ್ನೊಂದು. ಹಿಮಾಲಯನ್ ಹೋಮ್‌ಸ್ಟೇ ಎಂದು ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್‌ನಂಥ ಹಳ್ಳಿಗಳಲ್ಲೂ ಶಾಮ್‌ನಲ್ಲೂ ಅದು ಬೇರೂರಿತು. ದರ ಎಲ್ಲ ಮನೆಗೂ ಒಂದೇ. ಸರದಿ ಕಡ್ಡಾಯ. ಬಂದ ಹಣದಲ್ಲಿ ನೂರಕ್ಕೆ ಹತ್ತು ಊರಿನ ನಿಧಿಗೆ, ಅದರಿಂದ ಗಿಡ ನೆಡುವುದು, ಕಸ ಎತ್ತುವುದು, ಹುಲ್ಲುಗಾವಲು ಕಾಯುವುದು. ಮಿಕ್ಕದ್ದು ಬಹುಪಾಲು ಮನೆಯ ಹೆಂಗಸಿನ ಕೈಗೆ. ರಿಂಚೆನ್ 2011ರಲ್ಲಿ ತೀರಿಕೊಂಡರು. ಅವರು ಹಚ್ಚಿದ ಸರದಿ ನಡೆಯುತ್ತಲೇ ಇದೆ.

ಮನೆಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ: ಸುಣ್ಣದ ಗೋಡೆ, ಕೆತ್ತನೆಯ ಕಿಟಕಿ, ಮಾಡಿನ ಮೇಲೆ ಒಣಹುಲ್ಲು, ಜರ್ದಾಳು ಹಣ್ಣು ಹರವಿದ ತಟ್ಟಿ. ಒಳಗೆ ಹೋದಾಗ ಮಾತ್ರ ಒಂದೊಂದರ ಚಿಂತೆ ಒಂದೊಂದು. ಒಂದು ಮನೆಯಲ್ಲಿ ಮೆಮೆ-ಲೆ ಒಬ್ಬರೇ. ಸೊಸೆ ಮಕ್ಕಳನ್ನು ಓದಿಸಲು ಲೇಹ್‌ನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾಳೆ, ಮಗ ಸೈನ್ಯದಲ್ಲಿ. ಅತಿಥಿ ಬಂದ ದಿನ ಪಕ್ಕದ ಮನೆಯ ಹುಡುಗಿ ಬಂದು ಬೇಯಿಸಿಕೊಡುತ್ತಾಳೆ, ದುಡ್ಡಿನಲ್ಲಿ ಅವಳಿಗೂ ಪಾಲು. ಅವರ ಸರದಿಯನ್ನು ತಪ್ಪಿಸಿಬಿಡಿ, ಮುದುಕರಿಗೆ ಯಾಕೆ ತೊಂದರೆ ಎಂದು ಯಾರೂ ಹೇಳಲಿಲ್ಲ. ಮೆಮೆ-ಲೆ ಬೆಳಗಿನಿಂದ ಸಂಜೆಯವರೆಗೆ ಪ್ರಾರ್ಥನಾಚಕ್ರ ತಿರುಗಿಸುತ್ತ, ರಾತ್ರಿ ಊಟವಾದ ಮೇಲೆ 1962ರ ಯುದ್ಧದ ವರ್ಷ ತಮ್ಮ ಊರಿನ ಕತ್ತೆ, ಕುದುರೆಗಳೆಲ್ಲ ಸೈನ್ಯದ ಸಾಮಾನು ಹೊತ್ತದ್ದನ್ನು ಹೇಳುತ್ತ, ನನಗಾಗಿಯೇ ಎಚ್ಚರವಿರುತ್ತಿದ್ದರು. ಇನ್ನೊಂದು ಮನೆಯವಳು ನನ್ನ ಜತೆ ಹೆಚ್ಚು ಮಾತಾಡಲೇ ಇಲ್ಲ. ಅವಳಿಗೆ ಹೊರಗಿನವರು ಇಷ್ಟವಿಲ್ಲ ಎಂದು ಅಕ್ಕಪಕ್ಕದವರು ಮೊದಲೇ ಹೇಳಿದ್ದರು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಹಾಸಿಗೆ ಬೆಚ್ಚಗಿರುತ್ತಿತ್ತು, ಅಷ್ಟೇ. ಅದೂ ಸರಿ ಅನ್ನಿಸಿತು ನನಗೆ. ಮನೆಗೆ ಬಂದವರನ್ನೆಲ್ಲ ಪ್ರೀತಿಸಬೇಕೆಂಬ ಹಂಗು ಅವಳಿಗೆ ಯಾಕಿರಬೇಕು?

ಆಷಾಢದ ಕೊನೆಗೆ ಒಂದು ಸಾವಾಯಿತು. ಅಲ್ಲಿ ಪ್ರತಿ ಮನೆಗೂ ಫಾಸ್ಪುನ್ ಎಂದು ಕೆಲವು ಮನೆಗಳ ಒಂದು ಬಳಗ ಇರುತ್ತದೆ. ಒಂದೇ ಕುಲದೇವರನ್ನು ನಂಬುವ ಬಳಗ, ರಕ್ತಸಂಬಂಧವೇ ಇರಬೇಕೆಂದಿಲ್ಲ. ಸಾವಿನ ಮನೆಯವರು ಏನನ್ನೂ ಮುಟ್ಟುವ ಹಾಗಿಲ್ಲ. ಹೆಣದ ಕೆಲಸದಿಂದ ಹಿಡಿದು ಬಂದವರಿಗೆ ಚಹಾ ಕಾಯಿಸುವವರೆಗೆ ಎಲ್ಲ ಫಾಸ್ಪುನ್‌ನವರದು. ಆ ವಾರ ಆ ಮನೆಯ ನೀರಿನ ಸರದಿಗೆ ಬೇರೆಯವರು ಹಾರೆ ಹಿಡಿದು ಹೋದರು, ಕುರಿಯ ಸರದಿಗೆ ಬೇರೆಯವರು ಬೆಟ್ಟ ಹತ್ತಿದರು, ಅತಿಥಿಯ ಸರದಿ ಮುಂದಿನ ಮನೆಗೆ ದಾಟಿತು. ಇದನ್ನು ಸಭೆ ಸೇರಿ ಯಾರೂ ತೀರ್ಮಾನಿಸಲಿಲ್ಲ. ಊರಿನ ಒಳಗೆ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದೆ ಎಂದು ನನಗೆ ಕಂಡದ್ದು ಆಗ. ನಾನು ಉಳಿದುಕೊಂಡಿದ್ದ ಹಾಸಿಗೆಯೂ ಆ ದಾರದಲ್ಲೇ ಇತ್ತು.

ನೀರಿನ ಸರದಿಗೆ ನಾನೂ ಒಮ್ಮೆ ಹೋದೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಶಿರಸಿಯಲ್ಲಿ ಆಷಾಢದ ಒಂದು ಜೋರು ದಿನ ಅಷ್ಟು ಸುರಿದು ಹೋಗುತ್ತದೆ. ಅಲ್ಲಿಯ ಬೇಸಾಯವೆಲ್ಲ ಮೇಲಿನ ಹಿಮ ಕರಗಿ ಬರುವ ತೊರೆಯಿಂದ. ರಾತ್ರಿ ಹರಿದದ್ದು ಝಿಂಗ್ ಎಂಬ ಕಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ಬೆಳಕು ಹರಿಯುವ ಮೊದಲೇ ತೂಬು ತೆಗೆಯುತ್ತಾರೆ. ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಿ ನಡೆಸುವವನು ಚುರ್‌ಪೋನ್. ಊರೇ ಆರಿಸಿದ ನೀರುಗಂಟಿ. ಆಮಾ-ಲೆ ಟಾರ್ಚು, ಸನಿಕೆ ಹಿಡಿದು ಮುಂದೆ ನಡೆದರು. ಕವಲಿಗೆ ಬಂದು ಮಂಡಿಯೂರಿ ಕೂತು, ಪಕ್ಕದ ಹೊಲಕ್ಕೆ ಹೋಗುವ ಕಾಲುವೆಯ ಬಾಯಿಗೆ ಒಂದು ಚಪ್ಪಟೆ ಕಲ್ಲು ನಿಲ್ಲಿಸಿದರು. ಸಂದಿಗೆ ಹುಲ್ಲುಬೇರು ಸಮೇತ ಮಣ್ಣಿನ ಹೆಂಟೆ ತುರುಕಿದರು, ಅದರ ಮೇಲೆ ಒಂದು ಹಳೇ ಚಿಂದಿ ಒತ್ತಿದರು. ತಮ್ಮ ಕಡೆಯ ಬಾಯಿಯ ಕಲ್ಲು ಎತ್ತಿದರು. ನೀರು ಮೊದಲು ಕಸಕಡ್ಡಿಯನ್ನು ತಳ್ಳಿಕೊಂಡು ಬಂತು, ಆಮೇಲೆ ನೊರೆ, ಆಮೇಲೆ ತಿಳಿಯಾಗಿ. ಮಡಿಯಿಂದ ಮಡಿಗೆ ಬರಿಗಾಲಲ್ಲಿ ಓಡಾಡುತ್ತ ಅವರು ಸನಿಕೆಯ ತುದಿಯಿಂದ ಬದು ಸೀಳುವುದು, ಮುಚ್ಚುವುದು. ಹಿಮದ ನೀರು ನನ್ನ ಕಾಲನ್ನು ಕಚ್ಚುತ್ತಿತ್ತು. ಹೊತ್ತು ಮುಗಿಯುತ್ತಿದ್ದ ಹಾಗೆ, ಇನ್ನೂ ಒಂದು ಮೂಲೆ ಒಣಗಿಯೇ ಇದ್ದರೂ, ಅವರೇ ಹೋಗಿ ಚಿಂದಿ ಕಿತ್ತು ನೀರನ್ನು ಪಕ್ಕದವರಿಗೆ ಬಿಟ್ಟರು. ಪಕ್ಕದವರು ಇನ್ನೂ ಬಂದೂ ಇರಲಿಲ್ಲ.

ಹಣ ಕೊಟ್ಟು ಉಳಿದರೆ ಅದು ಆತಿಥ್ಯ ಹೇಗಾದೀತು ಎಂದು ಕೇಳುವ ಗೆಳೆಯರು ನನಗಿದ್ದಾರೆ. ಪ್ರಶ್ನೆ ಹಳೆಯದು, ಅದಕ್ಕೆ ದೊಡ್ಡವರ ಬೆಂಬಲವೂ ಇದೆ. ಬರ್ಟ್ರಂಡ್ ರಸೆಲ್ ಅಣ್ವಸ್ತ್ರ ವಿರೋಧಿಸಿ ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿಯನ್ನು ಓದಿ ಸತೀಶ್ ಕುಮಾರ್, ಇ. ಪಿ. ಮೆನನ್ ಎಂಬ ಇಬ್ಬರು ಸರ್ವೋದಯದ ಯುವಕರು 1962ರ ಜೂನ್‌ನಲ್ಲಿ ದೆಹಲಿಯ ರಾಜಘಾಟ್‌ನಿಂದ ಕಾಲ್ನಡಿಗೆಯಲ್ಲಿ ಹೊರಟರು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಅಲ್ಲಿಂದ ಪ್ಯಾರಿಸ್, ಲಂಡನ್, ಕಡಲು ದಾಟಿ ವಾಷಿಂಗ್ಟನ್. ಹೊರಡುವ ಮೊದಲು ವಿನೋಬಾ ಅವರು ಹೇಳಿದ್ದು ಎರಡು: ಸಸ್ಯಾಹಾರ ಬಿಡಬೇಡಿ, ಜೇಬಿನಲ್ಲಿ ಕಾಸು ಇಟ್ಟುಕೊಳ್ಳಬೇಡಿ. ಕಾಸಿದ್ದರೆ ದಣಿದು ಬಂದ ರಾತ್ರಿ ಹೋಟೆಲು ಹುಡುಕುತ್ತೀರಿ. ಇಲ್ಲದಿದ್ದರೆ ಮನೆಯ ಬಾಗಿಲು ತಟ್ಟಲೇಬೇಕಾಗುತ್ತದೆ, ಮಾತು ಶುರುವಾಗಲೇಬೇಕಾಗುತ್ತದೆ ಎಂಬುದು ಅವರ ಕಾರಣ. ಜಾರ್ಜಿಯಾದಲ್ಲಿ ಚಹಾ ಕಾರ್ಖಾನೆಯ ಇಬ್ಬರು ಹೆಂಗಸರು ಈ ನಡಿಗೆಯವರಿಗೆ ಚಹಾದ ನಾಲ್ಕು ಪೊಟ್ಟಣ ಕೊಟ್ಟು, ನಾಲ್ಕು ಅಣುಶಕ್ತ ದೇಶಗಳ ಮುಖ್ಯಸ್ಥರಿಗೆ ಒಂದೊಂದು ತಲುಪಿಸಿ, ಗುಂಡಿ ಒತ್ತಬೇಕೆನ್ನಿಸಿದಾಗ ಅವರು ಕೂತು ಒಂದು ಲೋಟ ಚಹಾ ಕುಡಿಯಲಿ ಎಂದದ್ದನ್ನು ಸತೀಶ್ ಕುಮಾರ್ ಇಂದಿಗೂ ಹೇಳುತ್ತಾರೆ. ಇದಕ್ಕೂ ಮೊದಲು, ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಕ್ಕೆ, 1949ರಲ್ಲಿ ಡೆನ್ಮಾರ್ಕ್‌ನಲ್ಲಿ ಬಾಬ್ ಲುಯಿಟ್‌ವೈಲರ್ ಮತ್ತು ಜತೆಗಾರರು ಸರ್ವಾಸ್ ಎಂಬ ಬಳಗ ಕಟ್ಟಿದ್ದರು. ಬೇರೆ ದೇಶದವರನ್ನು ಮನೆಯಲ್ಲಿ ಇಟ್ಟುಕೊಂಡು ಮಾತಾಡಿದವರು ನಾಳೆ ಅವರ ಮೇಲೆ ಬಾಂಬು ಹಾಕಲು ಒಪ್ಪಲಾರರು ಎಂಬ ನಂಬಿಕೆ ಅದರದು. ಅಲ್ಲಿಯೂ ಹಣದ ಮಾತಿಲ್ಲ. ಸಾಮಾನ್ಯವಾಗಿ ಎರಡು ರಾತ್ರಿ ಉಳಿಯುವುದು ವಾಡಿಕೆ. 2004ರಲ್ಲಿ ಬಂದ ಕೌಚ್‌ಸರ್ಫಿಂಗ್ ಇದನ್ನೇ ಲಕ್ಷಾಂತರ ಜನರಿಗೆ ಹಬ್ಬಿಸಿತು.

ಇವರೆಲ್ಲರ ಮೇಲೆ ನನಗೆ ಗೌರವವಿದೆ. ಆದರೆ ವಿನೋಬಾರ ಮಾತು ಇಬ್ಬರು ನಡೆದು ಹೋಗುವ ಯುವಕರಿಗೆ, ಒಂದು ಊರಿಗೆ ಒಂದು ರಾತ್ರಿಗೆ, ಹೇಳಿದ ಮಾತು. ಎರಡು ರಾತ್ರಿಯ ಸರ್ವಾಸ್ ಅತಿಥಿಯದೂ ಅಷ್ಟೇ. ತಿಂಗಳುಗಟ್ಟಲೆ ಉಳಿಯುವವಳು ತಿನ್ನುವ ಹಿಟ್ಟು ಯಾರದೋ ಹೊಲದಲ್ಲಿ ಬೆಳೆದದ್ದು, ಸ್ನಾನಕ್ಕೆ ಕಾದ ಒಂದು ಬಕೆಟ್ ನೀರು ಯಾರೋ ಹೊತ್ತು ತಂದದ್ದು, ಅದಕ್ಕೆ ಉರಿದ ಸಗಣಿ ಬೆರಣಿ ಚಳಿಗಾಲಕ್ಕೆಂದು ಕೂಡಿಟ್ಟದ್ದು. ಪ್ರೀತಿಯ ಹೆಸರಿನಲ್ಲಿ ಅದನ್ನೆಲ್ಲ ಪುಕ್ಕಟೆ ತೆಗೆದುಕೊಳ್ಳುವುದು ನನಗೆ ಸಾಧ್ಯವಿಲ್ಲ.

ನಾನು ಹುಟ್ಟಿದ ಮನೆಯೂ ಅತಿಥಿಗಳ ಮನೆಯೇ. ಬಸ್ಸು ತಪ್ಪಿದವರು, ತೋಟ ನೋಡಲು ಬಂದವರು, ಯಕ್ಷಗಾನ ಮೇಳದವರು, ಯಾರ ಕಡೆಯ ನೆಂಟರೋ ಗೊತ್ತಿಲ್ಲದವರು. ಜಗುಲಿಗೆ ಕಾಲಿಟ್ಟ ಕೂಡಲೇ ಆಸರಿಗೆ ಏನು ಬೇಕು ಎಂದು ಕೇಳುವುದು, ಬೆಲ್ಲ ನೀರು, ಹಂಡೆ ತುಂಬ ಬಿಸಿನೀರು, ಎಲೆ ತುಂಬ ಊಟ, ಕವಳದ ಹರಿವಾಣ. ನಮ್ಮ ಅಪ್ಪನ ಔದಾರ್ಯವನ್ನು ಸೀಮೆಯೆಲ್ಲ ಹೊಗಳುತ್ತಿತ್ತು. ಹೊಗಳುವವರು ಒಳಗೆ ಬಂದು ನೋಡಿದ್ದರೆ ಹೊಗೆಯಲ್ಲಿ ಕೆಂಪಾದ ಅಮ್ಮನ ಕಣ್ಣು ಕಾಣುತ್ತಿತ್ತು. ರಾತ್ರಿ ಹತ್ತಕ್ಕೆ ಇಬ್ಬರು ಬಂದರೆಂದು ಮತ್ತೆ ಅಕ್ಕಿ ತೊಳೆದು, ಎಲ್ಲರದೂ ಆದ ಮೇಲೆ ಅವಳು ಉಣ್ಣುವಾಗ ತಳದ ಸೀಕು ಅನ್ನ, ಒಂದು ಸೌಟು ಮಜ್ಜಿಗೆ. ಆ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ, ಅವಳಾಗಿ ಬೇಡವೆನ್ನುವ ದಾರಿಯೂ ಇರಲಿಲ್ಲ. ಪುಕ್ಕಟೆ ಆತಿಥ್ಯದ ಚಂದವನ್ನು ಯಾರಾದರೂ ವರ್ಣಿಸಿದಾಗೆಲ್ಲ ನಾನು ಅಮ್ಮನ ಊಟದ ಹೊತ್ತನ್ನು ನೆನೆಯುತ್ತೇನೆ.

ಶಾಮ್‌ನ ಆ ಊರಿನಲ್ಲಿ ಹೊರಡುವ ಮುನ್ನ ನಾನು ಎಣಿಸಿ ಕೊಟ್ಟ ನೋಟುಗಳನ್ನು ಆಮಾ-ಲೆ ಮತ್ತೊಮ್ಮೆ ಎಣಿಸಿದರು. ಊರಿನ ನಿಧಿಯದನ್ನು ಬೇರೆ ತೆಗೆದು ವಹಿಯಲ್ಲಿ ಬರೆಸಿದರು. ಮಿಕ್ಕದ್ದನ್ನು ಮಡಿಸಿ ತಮ್ಮ ಗೊಂಚಾದ, ಅಂದರೆ ಆ ನಿಲುವಂಗಿಯ, ಒಳಜೇಬಿಗೆ ಇಳಿಸಿದರು. ಆಬಾ-ಲೆ ಅಲ್ಲೇ ಕೂತಿದ್ದರು, ಕೈಚಾಚಲಿಲ್ಲ. ಎಣಿಸಿ ಮುಗಿದ ಮೇಲೆ ಆಮಾ-ಲೆ ಒಣ ಜರ್ದಾಳಿನ ಒಂದು ಗಂಟು ತಂದು ನನ್ನ ಚೀಲಕ್ಕೆ ತುರುಕಿದರು. ಅದಕ್ಕೆ ದುಡ್ಡು ಕೊಡಲು ಹೋದರೆ ಬೈದರು. ಲೆಕ್ಕದ್ದು ಲೆಕ್ಕಕ್ಕೆ ಸಂದಿದ್ದರಿಂದಲೇ ಆ ಗಂಟು ಅಷ್ಟು ಹಗುರವಾಗಿ ನನ್ನ ಕೈಗೆ ಬಂತು ಎಂದು ನಾನು ನಂಬುತ್ತೇನೆ.

ಇದೆಲ್ಲ ಎಷ್ಟು ದಿನ ನಿಂತೀತು ಎಂಬ ಭಯವೂ ನನಗಿದೆ. ಲಡಾಖನ್ನು ಪ್ರವಾಸಿಗಳಿಗೆ ತೆರೆದದ್ದು 1974ರಲ್ಲಿ. 2011ರ ಜನಗಣತಿಯಲ್ಲಿ ಇಡೀ ಲಡಾಖಿನ ಜನಸಂಖ್ಯೆ 2,74,289. 2018ರಲ್ಲಿ ಬಂದ ಪ್ರವಾಸಿಗಳೇ ಮೂರು ಲಕ್ಷ ದಾಟಿದ್ದರು. ಲೇಹ್ ಪೇಟೆಯಲ್ಲಿ ಹೋಮ್‌ಸ್ಟೇ ಎಂದು ಫಲಕ ಹಾಕಿದ ಎಷ್ಟೋ ಕಟ್ಟಡಗಳಲ್ಲಿ ಮನೆಯವರು ಎಲ್ಲಿದ್ದಾರೆಂದು ಹುಡುಕಬೇಕು. ಕೊಡಗು, ಚಿಕ್ಕಮಗಳೂರಿನಲ್ಲೂ ನಾನು ಇದನ್ನು ನೋಡಿದ್ದೇನೆ: ತೋಟದ ಮೂಲೆಯಲ್ಲಿ ಸಾಲು ಕೋಣೆ, ಊಟ ತರುವ ಆಳು, ಯಜಮಾನರ ಮುಖ ಹಣ ಕೊಡುವಾಗ. ಹಳ್ಳಿಗಳಿಗೂ ಈ ಗಾಳಿ ಬೀಸುತ್ತಿದೆ. ಲಡಾಖಿ ಮನೆಯ ಪಾಯಿಖಾನೆಯಲ್ಲಿ ನೀರು ಬಳಸುವುದಿಲ್ಲ. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಂಡಿ, ಮೂಲೆಯಲ್ಲಿ ಮಣ್ಣಿನ ಗುಪ್ಪೆ, ಒಂದು ಸಲಿಕೆ. ಮುಗಿಸಿ ಎರಡು ಸಲಿಕೆ ಮಣ್ಣು ಎಳೆದರಾಯಿತು. ವಸಂತದಲ್ಲಿ ಅದೇ ಹೊಲಕ್ಕೆ ಗೊಬ್ಬರ. ಬಂದವರು ನೀರು ಸುರಿಯುವ ಪಿಂಗಾಣಿ ಕಮೋಡು ಕೇಳುತ್ತಾರೆ. ಒಂದು ಮನೆ ಹಾಕಿಸಿದರೆ ಗಿರಾಕಿ ಆ ಮನೆಯನ್ನೇ ಕೇಳುತ್ತಾನೆ. ಅಲ್ಲಿಗೆ ಸರದಿ ಮುರಿಯುತ್ತದೆ, ತೊರೆಯ ನೀರೂ ಹೊಲ ಬಿಟ್ಟು ಪೈಪು ಹಿಡಿಯುತ್ತದೆ. ಕೆಳಮನೆಯ ಮಗ ಲೇಹ್‌ನಿಂದ ಬಂದಾಗ ಇದೇ ಜಗಳ ನಡೆಯಿತು. ಅವನಿಗೆ ಕಮೋಡು ಬೇಕು. ತಾಯಿ, "ಊರೆಲ್ಲ ಹಾಕಿಸುವುದಾದರೆ ಹಾಕಿಸೋಣ, ನಾವೊಬ್ಬರೇ ಬೇಡ" ಎಂದಳು. ಅವಳ ಮಾತು ಆ ವರ್ಷ ಗೆದ್ದಿತು. ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ, ಆ ಎರಡು ಸಲಿಕೆ ಮಣ್ಣು ಎಳೆಯಿರಿ, ಪಟ್ಟಿಯಲ್ಲಿ ಬಂದ ಮನೆಗೆ ಹೋಗಿ, ನಾಲ್ಕು ದಿನ ಹೆಚ್ಚು ಇರಿ.

ಚಳಿಗಾಲದಲ್ಲಿ ಲಡಾಖಿನಲ್ಲಿ ಹೊಲದ ಕೆಲಸವಿಲ್ಲ. ಅನುಕೂಲವಿದ್ದವರು ದಕ್ಷಿಣಕ್ಕೆ ಯಾತ್ರೆ ಬರುತ್ತಾರೆ. ಜನವರಿಯಲ್ಲಿ ಆಮಾ-ಲೆ, ಆಬಾ-ಲೆ ಮುಂಡಗೋಡಕ್ಕೆ ಬಂದವರು ಭಿಕ್ಷು ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಅಡಿಕೆ ಕೊಯ್ಲಿನ ಕಾಲ. ಅಂಗಳದ ಚಪ್ಪರದಡಿ ರಾತ್ರಿ ಅಡಿಕೆ ಸುಲಿತ ನಡೆದಿತ್ತು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಗಂಡಸರು, ಮಾತು, ನಗು. ಆಮಾ-ಲೆ ಮಣೆಯ ಮೇಲೆ ಕೂತು ಹತ್ತು ನಿಮಿಷ ನೋಡಿದರು, ಆಮೇಲೆ ತಾವೂ ಒಂದು ಮೆಟ್ಟುಗತ್ತಿ ಎಳೆದುಕೊಂಡರು. ಮೊದಲು ಸಿಪ್ಪೆಯ ಜತೆ ಬೆಟ್ಟೆಯೂ ಸೀಳಿ ಬಂತು, ಬರಬರುತ್ತ ಕೈ ಕೂತಿತು. ಇವರೆಲ್ಲ ಕೂಲಿಯವರೇ ಎಂದು ಕೇಳಿದರು. ಕೆಲವರು ಕೂಲಿ, ಇನ್ನು ಕೆಲವರು ಅಕ್ಕಪಕ್ಕದ ಮನೆಯವರು, ಮುಯ್ಯಾಳಿಗೆ ಬಂದವರು. ಇವತ್ತು ನಮ್ಮನೆಗೆ ಅವರು, ನಾಳೆ ಅವರ ಮನೆಗೆ ನಾವು ಎಂದೆ. ಮಗ ಅದನ್ನು ಲಡಾಖಿಯಲ್ಲಿ ಹೇಳಿದ. ಅಷ್ಟು ವಿವರಣೆ ಸಾಕೆಂಬಂತೆ ಅವರು ತಲೆಯಾಡಿಸಿದರು.

ಮೂರನೆಯ ದಿನ ಬೆಳಿಗ್ಗೆ ನಾನು ತೆಳ್ಳೇವು ಎರೆಯುತ್ತಿದ್ದೆ. ಆಮಾ-ಲೆ ಒಲೆಯ ಬದಿಗೆ ಬಂದು ನಿಂತು, ಸಣ್ಣ ದನಿಯಲ್ಲಿ, ಇವತ್ತು ಯಾರ ಮನೆ ಸರದಿ ಎಂದರು. ಒಂದೇ ಮನೆಗೆ ಇಷ್ಟು ದಿನ ಭಾರವಾಗುತ್ತಿದ್ದೇವೆ ಎಂಬ ಸಂಕೋಚ ಮುಖದಲ್ಲಿ ಇತ್ತು. ನಮ್ಮಲ್ಲಿ ಹಾಗೆ ಪಟ್ಟಿಯಿಲ್ಲ ಎಂದು ಹೇಳುವಷ್ಟರಲ್ಲಿ, ತೋಟದಾಚೆಯ ಮನೆ ಮಾಣಿ ಹಾಲಿನ ತಂಬಿಗೆ ಹಿಡಿದು ಬಂದವನು ಬಾಗಿಲಲ್ಲೇ ನಿಂತು ಅವನ ಅಮ್ಮನ ಮಾತು ಒಪ್ಪಿಸಿದ: "ಅತ್ತೆ, ಲಡಾಖದವ್ಕೆಲ್ಲ ಇವತ್ತು ಮಧ್ಯಾಹ್ನ ನಮ್ಮನೆಲ್ಲೇ ಊಟ. ಅಮ್ಮ ಆಗ್ಲೇ ಅಪ್ಪೆಹುಳಿ ಮಾಡಿದ್ದು." ನಾನು ಒಲೆಯ ಉರಿ ತಗ್ಗಿಸಿ, ಆಮಾ-ಲೆಗೆ ಚಪ್ಪಲಿ ಹಾಕಿಕೊಳ್ಳಿ ಎಂದೆ.